ಕಪ್ಪೆನಿದ್ದೆ

ಪೆಟ್ಟಿಗೆಯ ಗಾಜಿಗೆ ಕಟ್ಟಿದ್ದ ಹನಿಗಳು ಆರತೊಡಗಿದಾಗ ಬೆಳಗಿನ ಏಳು ಗಂಟೆ. ಒಳಗೆ ಭುವನೇಶ್ವರಿ ಹೊಂಬಳ ಎಂಬ ಮೂವತ್ತೆಂಟು ವರ್ಷದ ಹೆಂಗಸಿನ ಮೈ ಎಂಟು ಡಿಗ್ರಿಯಿಂದ ಮೆಲ್ಲಗೆ ಮೇಲೇರುತ್ತಿತ್ತು. ನಿಮಿಷಕ್ಕೆ ಎರಡೇ ಸಲ ಮಿಡಿಯುತ್ತಿದ್ದ ಎದೆ ಹತ್ತಕ್ಕೆ ಬಂತು, ಇಪ್ಪತ್ತಕ್ಕೆ ಬಂತು. ಹನ್ನೊಂದರ ಹೊತ್ತಿಗೆ ಆಕೆ ಕಣ್ಣು ಬಿಟ್ಟಳು. ತಲೆಯ ಮೇಲಿನ ಹಲಗೆಯಲ್ಲಿ ಹದಿನಾರು ಎಂಬ ಅಂಕೆ ಬೆಳಗಿತು. ಆಕೆಯ ನಾದಿನಿ ಶಕುಂತಲಾ ಆಗಲೇ ಇಳಕಲ್ ಸೀರೆಯ ಮಡಿಕೆ ಬಿಚ್ಚಿ ನಿಂತಿದ್ದಳು. ಶಕುಂತಲಾಳ ಮಗಳ ನಿಶ್ಚಿತಾರ್ಥಕ್ಕೆ ಮುಹೂರ್ತ ಹನ್ನೆರಡೂವರೆಗೆ ಇತ್ತು.

ಆ ದಿನ ಐದು ಗಂಟೆ ಖರ್ಚಾಯಿತು. ಭುವನಾಳನ್ನು ಕುರ್ಚಿಯಲ್ಲಿ ಕೂರಿಸಿದರು. ನೂರಿಪ್ಪತ್ತು ಜನ ಬಂದು ಕೈ ಹಿಡಿದು ಕಣ್ಣೀರು ಹಾಕಿದರು, ಫೋಟೋ ತೆಗೆಸಿಕೊಂಡರು, ಊಟಕ್ಕೆ ಹೋದರು. ಸಂಜೆ ಮತ್ತೆ ಪೆಟ್ಟಿಗೆಯಲ್ಲಿ ಮಲಗಿಸುವಾಗ ಹಲಗೆ ಹನ್ನೊಂದನ್ನು ತೋರಿಸಿತು. ಅದನ್ನು ನೋಡಿ ಭುವನಾಳ ಮಗಳು ನೀಲಗಂಗಾ, ಹನ್ನೊಂದು ವರ್ಷದವಳು, ಎಲ್ಲರೆದುರು ಹೇಳಿಬಿಟ್ಟಳು:

"ಇನ್ನ ಮ್ಯಾಲೆ ಯಾರ ಲಗ್ನಕ್ಕೂ ನಮ್ಮವ್ವನ್ನ ಎಬ್ಬಸಾಂಗಿಲ್ಲ."

ಈ ಯಂತ್ರದ ಬಗ್ಗೆ ಒಂದು ಮಾತು ಹೇಳಬೇಕು. ಗದಗ ಸೀಮೆಯ ಎರೆಹೊಲಗಳಲ್ಲಿ ಬೇಸಗೆಯಿಡೀ ಮಣ್ಣಿನಡಿ ಸತ್ತಂತೆ ಬಿದ್ದಿದ್ದು, ಮೊದಲ ಮಳೆಗೆ ವಟಗುಟ್ಟುತ್ತ ಎದ್ದುಬರುವ ಕಪ್ಪೆಯನ್ನು ಎಲ್ಲರೂ ನೋಡಿರುತ್ತಾರೆ. ಅದು ಹಾಗೆ ಬಿದ್ದಿರುವಾಗ ಅದರ ರಕ್ತದಲ್ಲಿ ಒಂದು ವಸ್ತು ಹುಟ್ಟಿ ಜೀವಕೋಶಗಳ ಗಡಿಯಾರವನ್ನೇ ನಿಲ್ಲಿಸುತ್ತದೆ ಎಂದು ಕಂಡುಕೊಂಡವರು ಡಾ. ದಾವಲ್‌ಸಾಬ್ ನದಾಫ್. ಅವರ ಮುತ್ತಜ್ಜ ಬೆಟಗೇರಿಯ ಓಣಿಗಳಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವನು. ಮುತ್ತಜ್ಜ ಗಾದಿ ಕೊಟ್ಟ, ಮರಿಮಗ ನಿದ್ದೆಯನ್ನೇ ಕೊಟ್ಟ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ಆ ವಸ್ತುವನ್ನು ಮನುಷ್ಯರಿಗೆ ಕೊಟ್ಟು ತಣ್ಣನೆಯ ಪೆಟ್ಟಿಗೆಯಲ್ಲಿ ಮಲಗಿಸುವುದಕ್ಕೆ ಡಾಕ್ಟರು ಸ್ತಂಭನಿದ್ರೆ ಎಂದು ಗಂಭೀರವಾಗಿ ಹೆಸರಿಟ್ಟರೂ ಜನ ಕಪ್ಪೆನಿದ್ದೆ ಎಂದೇ ಕರೆದರು.

ಅದರಿಂದ ರೋಗ ವಾಸಿಯಾಗುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ ಅಷ್ಟೆ. ಕೊನೆಯ ಹಂತದ ರೋಗಿಗೆ ನೋವು ತಡೆದುಕೊಳ್ಳುವಂತಿರುವ, ಬುದ್ಧಿ ತಿಳಿಯಾಗಿರುವ ಗಂಟೆಗಳು ಎಷ್ಟು ಉಳಿದಿವೆ ಎಂದು ಯಂತ್ರ ಲೆಕ್ಕ ಹಾಕಿ ಹಲಗೆಯ ಮೇಲೆ ತೋರಿಸುತ್ತದೆ. ಬೇಕಾದ ದಿನ ಎಬ್ಬಿಸಿ ಅಷ್ಟಷ್ಟೇ ಬಳಸಬಹುದು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಆಗಿದ್ದ ಭುವನಾ ಪೆಟ್ಟಿಗೆಗೆ ಹೋದಾಗ ಅಂಕೆ ತೊಂಬತ್ತು ಇತ್ತು. ರೋಗಿಯನ್ನು ಎಬ್ಬಿಸಲೂ ಮತ್ತೆ ಮಲಗಿಸಲೂ ರೋಗಿಯೇ ಆರಿಸಿದ ಒಬ್ಬರ ಹೆಬ್ಬೆರಳ ಗುರುತು ಬೇಕು. ಅವರನ್ನು ಕೀಲಿದಾರರು ಎನ್ನುತ್ತಾರೆ. ಭುವನಾ ಗಂಡನ ಬದಲು ಹತ್ತು ವರ್ಷದ ಮಗಳನ್ನು ಕೀಲಿದಾರಳಾಗಿ ಬರೆಸಿದಾಗ ಮನೆಯವರೆಲ್ಲ ಹೌಹಾರಿದರು.

"ನಿಮ್ಮಪ್ಪಗ ಯಾರಿಗೂ ಇಲ್ಲ ಅನ್ನಾಕ ಬರೂದಿಲ್ಲ," ಎಂದಿದ್ದಳು ಭುವನಾ ಮಗಳಿಗೆ. "ನಿನಗ ಬರ್ತೈತಿ."

ಆದರೆ ಮೊದಲ ವರ್ಷ ಗಂಗಾಳಿಗೂ ಇಲ್ಲ ಎನ್ನಲು ಬರಲಿಲ್ಲ. ಗೃಹಪ್ರವೇಶ, ತೊಟ್ಟಿಲ ಶಾಸ್ತ್ರ, ಯಾರದೋ ಷಷ್ಟಿಪೂರ್ತಿ. ಒಳ್ಳೆಯ ಗಂಟೆಗಳನ್ನು ಒಳ್ಳೆಯ ದಿನಗಳಿಗೇ ಕೊಡಬೇಕು ಎಂದು ಹಿರಿಯರು ಪಂಚಾಂಗ ಹಿಡಿದು ಕೂತರು. ಹೀಗೆ ಎಪ್ಪತ್ತು ಎಪ್ಪತ್ತೈದು ಗಂಟೆ ಭುವನಾ ರೇಷ್ಮೆ ಸೀರೆಯಲ್ಲಿ ನಗುತ್ತ ಕೂತಳು. ಅಷ್ಟರಲ್ಲಿ ಒಮ್ಮೆಯೂ ಮಗಳನ್ನು ಬೈಯಲಿಲ್ಲ. ಗಣಿತದಲ್ಲಿ ನೂರಕ್ಕೆ ಮೂವತ್ತೆಂಟು ಬಂದಿದೆ ಎಂದು ಗಂಗಾ ಬೇಕೆಂದೇ ಹೇಳಿ ನೋಡಿದಳು. "ಇರ್ಲಿ ಬಿಡು ಬಂಗಾರ," ಎಂದಳು ತಾಯಿ. ಮೊದಲಾಗಿದ್ದರೆ ಕಿವಿ ಹಿಂಡುತ್ತಿದ್ದವಳು. ಆ ದಿನ ಗಂಗಾಳಿಗೆ ನಿಜಕ್ಕೂ ಹೆದರಿಕೆಯಾಯಿತು.

ನಿಶ್ಚಿತಾರ್ಥದ ನಂತರ ಅವಳು ಹೆಬ್ಬೆರಳು ಒತ್ತಲೇ ಇಲ್ಲ. ಶಕುಂತಲಾ ಅತ್ತೆ ಬೈದಳು, ಅತ್ತಳು, ಮಾತು ಬಿಟ್ಟಳು. ಗಂಗಾ ಜಗ್ಗಲಿಲ್ಲ. ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹನ್ನೊಂದು ಗಂಟೆಗಳನ್ನು ಹಂಚಿಟ್ಟಿದ್ದಳು: ಹತ್ತನೇ ತರಗತಿಯ ಫಲಿತಾಂಶಕ್ಕೆ ಮೂರು, ಕೆಲಸ ಸಿಕ್ಕ ದಿನಕ್ಕೆ ಮೂರು, ತನ್ನ ಮದುವೆಗೆ ಐದು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಗುವವರು ನಗಲಿ. ಹನ್ನೊಂದು ವರ್ಷದ ಹುಡುಗಿಗೆ ತಾಯಿಯನ್ನು ಇಪ್ಪತ್ತೈದರವರೆಗೆ ಉಳಿಸಿಕೊಳ್ಳಲು ಬೇರೆ ದಾರಿ ಗೊತ್ತಿರಲಿಲ್ಲ. ವಾರಕ್ಕೊಮ್ಮೆ ಪೆಟ್ಟಿಗೆಗಳನ್ನು ಇಟ್ಟಿದ್ದ ಡಾಕ್ಟರ ಕೇಂದ್ರಕ್ಕೆ ಹೋಗಿ ಗಾಜಿಗೆ ಹಣೆ ಹಚ್ಚಿ ನೋಡಿ, ಅಂಕೆ ಹನ್ನೊಂದೇ ಇದೆ ಎಂದು ಖಾತ್ರಿ ಮಾಡಿಕೊಂಡು ಬರುತ್ತಿದ್ದಳು.

ಒಂದೂಕಾಲು ವರ್ಷ ಹೀಗೆಯೇ ಹೋಯಿತು. ಒಂದು ಮಂಗಳವಾರ ಶಾಲೆಯಿಂದ ಬಂದಾಗ ಪಡಸಾಲೆಯಲ್ಲಿ ನದಾಫ್ ಡಾಕ್ಟರು ಕೂತಿದ್ದರು. ಎದುರಿಗೆ ಅಪ್ಪ ಮಲ್ಲಿಕಾರ್ಜುನ ತಲೆ ತಗ್ಗಿಸಿಕೊಂಡು ಕೂತಿದ್ದ. ಡಾಕ್ಟರಿಗೆ ಕೊಟ್ಟ ಚಹಾ ಹಾಗೇ ಆರಿತ್ತು.

"ಬಾ ಯವ್ವಾ, ಕೂಡ್ರು," ಎಂದರು ಡಾಕ್ಟರು. "ನಿಮ್ಮಪ್ಪಗ ಹೇಳೀನಿ. ಆದ್ರ ಕೀಲಿ ನಿನ್ನ ಹತ್ರ ಐತಿ, ನಿನಗೂ ನಾನ ಹೇಳಬೇಕು."

"ಏನ್ರೀ ಸರ್?"

"ನನ್ನ ಲೆಕ್ಕ ತಪ್ಪೈತಿ. ಆ ನಿದ್ದಿಯಾಗ ಎಲ್ಲಾ ನಿಂತಬಿಡತೈತಿ ಅಂದಿದ್ದೆ. ಪೂರಾ ನಿಲ್ಲೂದಿಲ್ಲ. ಕಪ್ಪಿ ಆರು ತಿಂಗಳ ಅಷ್ಟ ಮಕ್ಕೋತೈತಿ, ನಾ ಮನಿಷಾನ್ನ ವರ್ಷಗಟ್ಟಲೆ ಮಲಗಿಸೀನಿ. ಮಿದುಳು ಅಲ್ಲಿ ಸಾವಕಾಶ ಸವೀತೈತಿ. ಹಲಗಿ ಮ್ಯಾಲೆ ಹನ್ನೊಂದ ಅಂತ ಕಾಣ್ತೈತಿ, ಖರೇ ಅಂದ್ರ ಆರು ತಾಸು ಇರಬಹುದು."

"ಇನ್ನ ಎರಡು ವರ್ಷ ಬಿಟ್ಟ ಎಬ್ಬಿಸಿದ್ರ?"

ಆ ತಿಂಗಳು ಇಂಥ ಮಾತನ್ನು ಡಾಕ್ಟರು ಹದಿನೇಳು ಮನೆಗಳಲ್ಲಿ ಆಡಿದ್ದರು. ಮಗುವಿನೆದುರು ಆಡುತ್ತಿರುವುದು ಇದೇ ಮೊದಲು.

"ಏಳತಾಳ. ಆದ್ರ ನಿನ್ನ ಗುರ್ತು ಹಿಡಿಯೂದಿಲ್ಲ."

"ಹಂಗಾದ್ರ ಹಲಗಿ ಮ್ಯಾಲೆ ಸುಳ್ಳ ಯಾಕ ಬರದ್ರಿ?" ಎಂದಳು ಗಂಗಾ. "ನಾ ಇಷ್ಟ ದಿನ ಕಾಯ್ದೀನಲ್ಲ."

"ನನಗ ಗೊತ್ತಿದ್ದಿಲ್ಲ ಯವ್ವಾ," ಎಂದರು ಡಾಕ್ಟರು.

ಮುಂದಿನ ಭಾನುವಾರ ಗಂಗಾ ಹೆಬ್ಬೆರಳು ಒತ್ತಿದಳು. ಅತ್ತೆಗೆ ಹೇಳಲಿಲ್ಲ, ಬೇರೆ ಯಾರಿಗೂ ಹೇಳಕೂಡದು ಎಂದು ಅಪ್ಪನಿಂದ ಆಣೆ ಮಾಡಿಸಿಕೊಂಡಳು. ಕೇಂದ್ರದ ಗಾಡಿ ತಾಯಿಯನ್ನು ಹನ್ನೊಂದೂವರೆಗೆ ಮನೆಗೆ ತಂದು ಬಿಟ್ಟಿತು. ಐದಕ್ಕೆ ವಾಪಸು ಕರೆದೊಯ್ಯಲು ಬರಬೇಕಿತ್ತು. ಗಂಗಾಳ ಕೈಯಲ್ಲಿ ಅರ್ಧರ್ಧ ಗಂಟೆಗೆ ಭಾಗ ಮಾಡಿದ ಪಟ್ಟಿ ಇತ್ತು. ಊಟ. ತಲೆ ಬಾಚುವುದು. ಬದನೆಕಾಯಿ ಎಣ್ಣೆಗಾಯಿ ಕಲಿಯುವುದು. ತಾನು ಹುಟ್ಟಿದ ದಿನದ ಕತೆ ಕೇಳುವುದು. ಇನ್ನೂ ಏಳೆಂಟು ಇದ್ದವು.

"ಇವತ್ತ ಯಾರ ಲಗ್ನ?" ಎಂದಳು ಭುವನಾ, ಗೋಡೆ ಹಿಡಿದು ಒಳಗೆ ಬರುತ್ತ.

"ಯಾರದೂ ಇಲ್ಲವ್ವ. ನಾವಷ್ಟ."

ಭುವನಾ ಮಗಳನ್ನು ಬಹಳ ಹೊತ್ತು ನೋಡಿದಳು. "ಎಷ್ಟ ಉದ್ದ ಆಗೀಯಲ್ಲ ಗಂಗಿ."

ರೋಗ ಬರುವ ಮೊದಲು ಭುವನಾ ಊರಾಚೆಯ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದಳು. ಬೆಳಗಿನ ಐದಕ್ಕೆ ಹೋಗಿ, ನೂರು ಮೀಟರ್ ಎತ್ತರದ ಕಂಬ ಹತ್ತಿ ಇಳಿದು, ಮಧ್ಯಾಹ್ನ ಎರಡಕ್ಕೆ ಮನೆಗೆ ಬರುವಳು. ಉಂಡು ಫ್ಯಾನಿನ ಕೆಳಗೆ ಚಾಪೆ ಹಾಸಿ, ಮಗಳನ್ನೂ ಬಲವಂತವಾಗಿ ಪಕ್ಕಕ್ಕೆ ಕೆಡವಿಕೊಂಡು ಒಂದು ತಾಸು ಮಲಗುವಳು. ಆಡಲು ಹೋಗಬೇಕಾದ ಹೊತ್ತಿನಲ್ಲಿ ಮಲಗಬೇಕಲ್ಲ ಎಂದು ಗಂಗಾ ಕಣ್ಣು ಮುಚ್ಚಿ ನಟಿಸುತ್ತ ಸಿಟ್ಟು ಮಾಡಿಕೊಂಡಿರುತ್ತಿದ್ದಳು.

ಈಗ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಎರಡು ತುತ್ತು ತಿಂದು ಭುವನಾ ತಾಟು ಸರಿಸಿದಳು. "ಚಾಪಿ ಹಾಸು. ಒಂದೀಟು ಅಡ್ಡಾಗ್ತೀನಿ."

"ಅಡ್ಡಾಗೂದಾ?" ಗಂಗಾಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಅವ್ವಾ, ಇರೂದ ಆರು ತಾಸು! ಎರಡು ವರ್ಷ ಮಕ್ಕೊಂಡಿದ್ದು ಸಾಲಲಿಲ್ಲೇನು?"

"ಆ ಡಬ್ಬಿಯಾಗ ನಿದ್ದಿ ಎಲ್ಲೈತಿ? ಲೈಟ್ ಆರಿಸಿ ಹಚ್ಚಿದಂಗ ಅಷ್ಟ. ಕನಸಿಲ್ಲ, ಮಗ್ಗಲ ಬದಲಿಸೂದಿಲ್ಲ. ಕಣ್ಣ ಮುಚ್ಚಿ ತಗದ್ರ ಯಾರದೋ ಲಗ್ನ. ನಾ ಮಕ್ಕೊಂಡು ಎರಡು ವರ್ಷ ಆತು ಗಂಗಿ."

"ನಾ ಅತ್ತಿ ಕೂಡ ಜಗಳ ಆಡಿ ಉಳಿಸೀನಿ. ನೀ ಮಕ್ಕೊಂಡು ಹಾಳ ಮಾಡ್ತಿಯೇನು?" ಗಂಗಾ ಪಟ್ಟಿಯನ್ನು ಮುದ್ದೆ ಮಾಡಿ ಎಸೆದು ಜೋರಾಗಿ ಅತ್ತಳು.

ಭುವನಾ ಸಮಾಧಾನ ಮಾಡಲಿಲ್ಲ. ಅವಳ ಹುಬ್ಬು ಗಂಟಿಕ್ಕಿತು.

"ಕಾಲ ತೊಳದೀ?"

"ಏನು?"

"ಕೇಳಿದ್ದಕ್ಕ ಹೇಳು. ಆ ಹೊಲಸ ಕಾಲ ತಗೊಂಡು ಚಾಪಿ ಮ್ಯಾಲೆ ಬಂದೀ ಅಂದ್ರ ನೋಡು. ತೊಳಕೊಂಡ ಬಾ. ಬಾಯಿ ಮುಚ್ಚಿ ಬಾಜೂಕ ಮಕ್ಕೋ."

ಗಂಗಾ ಬಚ್ಚಲಿಗೆ ಹೋಗಿ ನಲ್ಲಿ ತಿರುವಿದಳು. ಎರಡು ವರ್ಷದ ಮೇಲೆ ಅವ್ವ ಬೈದಿದ್ದಳು. ಕಾಲಿನ ಮೇಲೆ ನೀರು ಹರಿಯುತ್ತಿರುವಾಗ ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು, ಯಾವುದನ್ನು ತಡೆಯಬೇಕೋ ತಿಳಿಯಲಿಲ್ಲ.

ಬಂದು ಮಲಗುವಷ್ಟರಲ್ಲಿ ಭುವನಾಳಿಗೆ ನಿದ್ದೆ ಹತ್ತಿತ್ತು. ಗಂಗಾ ಎದುರುಬದುರು ಮಲಗಿ ನೋಡಿದಳು. ಪೆಟ್ಟಿಗೆಯಲ್ಲಿ ಕಂಡ ಮುಖವಲ್ಲ ಇದು. ಬಾಯಿ ತುಸು ತೆರೆದಿತ್ತು. ಸಣ್ಣ ಗೊರಕೆ ಬರುತ್ತಿತ್ತು. ಹಣೆಯಲ್ಲಿ ಬೆವರು ಮೂಡಿತ್ತು. ನಡುವೆ ಒಮ್ಮೆ "ಆ ಬೋಲ್ಟ್ ಬಿಗಿ ಮಾಡು" ಎಂದು ಕನಸಿನಲ್ಲಿ ಯಾರಿಗೋ ಗದರಿ, ಮಗ್ಗಲು ಬದಲಿಸಿ, ಮಗಳ ಮೇಲೆ ಕೈ ಹಾಕಿದಳು. ಸೊರಗಿದ್ದರೂ ಆ ಕೈಗೆ ಭಾರವಿತ್ತು. ಪಟ್ಟಿಯಲ್ಲಿ ಎಣ್ಣೆಗಾಯಿಯ ಹೊತ್ತು ಕಳೆಯಿತು, ಹುಟ್ಟಿದ ಕತೆಯ ಹೊತ್ತೂ ಕಳೆಯಿತು. ಈ ಸಲ ಕಣ್ಣು ಮುಚ್ಚಿ ನಟಿಸಬೇಕಾಗಲಿಲ್ಲ. ಗಂಗಾಳಿಗೂ ನಿದ್ದೆ ಬಂತು.

ನಾಲ್ಕರ ಸುಮಾರಿಗೆ ಭುವನಾ ಎಚ್ಚರಾಗಿ ಚಹಾ ಕೇಳಿದಳು. ಒಂದು ಗುಟುಕು ಕುಡಿದು ಬಾಗಿಲ ಕಡೆ ನೋಡಿದಳು. ಅಲ್ಲಿ ಗಂಡ ನಿಂತಿದ್ದ.

"ಗಾಡಿ ಐದಕ್ಕ ಬರ್ತೈತೇನು?"

"ಹೂಂ," ಎಂದ ಮಲ್ಲಿಕಾರ್ಜುನ.

"ಕೀಲಿ ನಿನ್ನ ಕೈಯಾಗ ಐತಿ ಗಂಗಿ. ನೀ ಹೋಗು ಅಂದ್ರ ಮತ್ತ ಹೋಗ್ತೀನಿ. ಆದ್ರ ನನಗ ಭಾಳ ದಣಿವಾಗೇತಿ."

ಹೋಗು ಎಂದರೆ ಎಂದೋ ಒಂದು ದಿನಕ್ಕೆ ಅರ್ಧ ಗಂಟೆಯಾದರೂ ಉಳಿಯಬಹುದು. ಬೇಡ ಎಂದರೆ ರೋಗದ ಗಡಿಯಾರ ಇಂದಿನಿಂದಲೇ ಓಡತೊಡಗುತ್ತದೆ. ಅದು ಗಂಗಾಳಿಗೆ ಪೂರ್ತಿ ಗೊತ್ತಿತ್ತು. ಉತ್ತರಕ್ಕೆ ಕಾಯದೆ ಭುವನಾ ಮತ್ತೆ ದಿಂಬಿಗೆ ತಲೆ ಕೊಟ್ಟಳು.

ಐದಕ್ಕೆ ಗಾಡಿಯ ಜೊತೆ ನದಾಫ್ ಡಾಕ್ಟರೇ ಬಂದರು. ಚಪ್ಪಲಿ ಬಿಟ್ಟು ಹೊಸ್ತಿಲ ಬಳಿ ನಿಂತರು. ಹೆಬ್ಬೆರಳು ಒತ್ತುವ ಫಲಕ ಅವರ ಕೈಯಲ್ಲಿತ್ತು. ಗಂಗಾ ತಾಯಿಯ ಕೈಯನ್ನು ಮೆಲ್ಲಗೆ ಸರಿಸಿ ಎದ್ದು ಬಂದಳು.

"ಅವ್ವ ಮಕ್ಕೊಂಡಾಳ್ರೀ ಸರ್," ಎಂದಳು ಪಿಸುದನಿಯಲ್ಲಿ. "ಎಬ್ಬಸಬ್ಯಾಡ್ರಿ."

"ವಿಚಾರ ಮಾಡೀಯೇನು ಯವ್ವಾ? ಈಗ ಬಿಟ್ರ ಮತ್ತ ಪೆಟ್ಟಿಗಿಗೆ ಹಾಕಾಕ ಬರೂದಿಲ್ಲ."

ಗಂಗಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಡಾಕ್ಟರು ಒಳಗಿನ ಗೊರಕೆಯನ್ನು ಸ್ವಲ್ಪ ಹೊತ್ತು ಕೇಳುತ್ತ ನಿಂತರು. ಗೊರಕೆ ಹೊಡೆಯುವ ರೋಗಿಯನ್ನು ಅವರು ನೋಡಿ ವರ್ಷಗಳೇ ಆಗಿದ್ದವು. ಆಮೇಲೆ ಫಲಕವನ್ನು ಚೀಲಕ್ಕೆ ಹಾಕಿಕೊಂಡು, ನೋವಿನ ಔಷಧಿಯ ಬಾಟಲಿಗಳನ್ನು ಮಲ್ಲಿಕಾರ್ಜುನನ ಕೈಗೆ ಕೊಟ್ಟು, ಹೊತ್ತಿಗೆಷ್ಟು ಎಂದು ಬರೆದುಕೊಟ್ಟು ಹೋದರು.

ಆಮೇಲೆ ಭುವನಾ ಹದಿಮೂರು ದಿನ ಬದುಕಿದ್ದಳು. ಆ ದಿನಗಳು ಚೆನ್ನಾಗಿದ್ದವು ಎಂದು ಹೇಳಿದರೆ ಸುಳ್ಳಾಗುತ್ತದೆ. ನೋವು ಬಂತು, ವಾಂತಿ ಬಂತು, ಮಾತು ತೊದಲಿತು. ಮಾತು ಬಿಟ್ಟಿದ್ದ ಶಕುಂತಲಾ ಅತ್ತೆ ತಾನಾಗಿ ಬಂದು ಬಟ್ಟೆ ಒಗೆದಳು. ಸಾಯುವುದನ್ನು ಗಂಗಾ ಹತ್ತಿರದಿಂದ ಕಂಡಳು, ಹೆದರಿದಳು, ಒಂದೆರಡು ಸಲ ಹಿತ್ತಲಿಗೆ ಓಡಿಹೋದಳು. ಆದರೆ ಪ್ರತಿ ಮಧ್ಯಾಹ್ನ ಕಾಲು ತೊಳೆದುಕೊಂಡು ಬಂದು ಪಕ್ಕದಲ್ಲಿ ಮಲಗಿದಳು. ಹದಿಮೂರನೆಯ ಮಧ್ಯಾಹ್ನ ಅವಳಿಗೆ ಎಚ್ಚರವಾದಾಗ ತಾಯಿಗೆ ಎಚ್ಚರವಾಗಲಿಲ್ಲ. ಅವಳು ಕೂಗಲಿಲ್ಲ. ತನ್ನ ಮೇಲಿದ್ದ ಕೈಯನ್ನು ಹಾಗೆಯೇ ಇನ್ನೊಂದಿಷ್ಟು ಹೊತ್ತು ಇರಗೊಟ್ಟು, ಆಮೇಲೆ ಅಪ್ಪನನ್ನು ಕರೆದಳು.

ಆ ವರ್ಷವೇ ಡಾ. ನದಾಫ್ ಎಲ್ಲ ಪೆಟ್ಟಿಗೆಗಳ ಮೇಲಿನ ಹಲಗೆ ತೆಗೆಸಿದರು. ಮಲಗಲು ಬಂದವರನ್ನು ಕೂರಿಸಿಕೊಂಡು, ನಿಮಗೆ ಮಧ್ಯಾಹ್ನ ಮಲಗುವ ರೂಢಿ ಇತ್ತೇ, ಯಾರ ಪಕ್ಕ ಮಲಗುತ್ತಿದ್ದಿರಿ ಎಂದು ಕೇಳುತ್ತಿದ್ದರಂತೆ. ಅರ್ಧದಷ್ಟು ಜನ ಉತ್ತರ ಹೇಳಿ ಮನೆಗೇ ವಾಪಸಾದರು. ಇಷ್ಟು ದೊಡ್ಡ ಯಂತ್ರ ಕಟ್ಟಿದವನು ಕೇಳುವ ಪ್ರಶ್ನೆಯೇ ಇದು ಎಂದು ಕೆಲವರು ನಕ್ಕರು.

ಇದೆಲ್ಲ ನಡೆಯಲು ಇನ್ನೂ ಮೂವತ್ತು ವರ್ಷ ಇದೆ. ಇಂಥ ಪೆಟ್ಟಿಗೆಯನ್ನು ಯಾರೂ ಮಾಡಿಲ್ಲ, ಭುವನಾ ಇನ್ನೂ ಚಿಕ್ಕ ಹುಡುಗಿ. ಇವತ್ತು ಮಧ್ಯಾಹ್ನ ನಿಮ್ಮ ಮನೆಯಲ್ಲಿ ಉಂಡು, ಫ್ಯಾನಿನ ಕೆಳಗೆ ಬಾಯಿ ತೆರೆದು ಯಾರೋ ಮಲಗಿದ್ದಾರೆ. ಅವರ ತಲೆಯ ಮೇಲೆ ಹಲಗೆಯಿಲ್ಲ, ಅಂಕೆಯಿಲ್ಲ. ನಿಮಗೆ ಎಷ್ಟೋ ಕೆಲಸವಿರಬಹುದು. ಕಾಲು ತೊಳೆದುಕೊಂಡು ಬನ್ನಿ.