ಮಂಚ ಹೊರಗೆ, ಚಪ್ಪಲಿ ಒಳಗೆ

ಅರ್ಧ ತೆರೆದಿದ್ದ ಬಾಗಿಲನ್ನು ತಳ್ಳಿದ್ದೇ ತಡ, ಒಂದು ಮುಷ್ಟಿ ಹೆರಿನ್‌ಳ ಮೂಗಿನ ತುದಿಯವರೆಗೆ ಬಂದು ನಿಂತಿತು!

"ಅಯ್ಯೋ!"

ತೆಯುಲ್ ಗಾಬರಿಯಿಂದ ವಿಆರ್ ಹೆಡ್‌ಸೆಟ್ಟನ್ನು ಕಣ್ಣಿನಿಂದ ಹಣೆಗೇರಿಸಿದ. "ಸಾರಿ ಸಾರಿ! ಗೇಮಿನ ಡ್ರ್ಯಾಗನ್ ಅಂದ್ಕೊಂಡೆ..."

"ಡ್ರ್ಯಾಗನ್ನಾ? ಕೆಳಗಿನ ಮನೆಯವಳು ರೀ ನಾನು! ದಿನಾ ಸಂಜೆ ನಿಮ್ಮ ಧಡ್ ಧಡ್ ಕೇಳಿ ತಲೆ ಚಿಟ್ಟು ಹಿಡಿದಿದೆ."

"ಏನ್ ಮಾಡ್ಲಿ? ಆಡೋಕೆ ಜಾಗಾನೇ ಇಲ್ಲ. ಎಲ್ಲಿ ತಿರುಗಿದ್ರೂ ಮಂಚ ಎಡವಿ ಬೀಳ್ತೀನಿ."

ಸೋಲ್ ನಗರದ ಆ ಒಂಟಿಕೋಣೆಯ ಮನೆಗೆ ನಿಜವಾಗಿ ಮಂಚವೇ ಯಜಮಾನ. ಸಿಟ್ಟಿನಲ್ಲೂ ಅವಳಿಗೆ ನಗು ಬಂತು.

"ನಮ್ಮಜ್ಜಿ ನೆಲದ ಮೇಲೇ ಹಾಸ್ಕೊಳ್ತಿದ್ರು, ಬೆಳಗಾದ್ರೆ ಮಡಚಿಡ್ತಿದ್ರು. ನಿಮಗ್ಯಾಕೆ ಈ ಮಂಚದ ದೌಲತ್ತು?"

ಮರುದಿನ ಅವಳೇ ಸದ್ದಾಗದ ಮೆತ್ತನೆ ಮನೆಚಪ್ಪಲಿ ತಂದುಕೊಟ್ಟಳು. ಆದರೂ ದೂರು ನಿಲ್ಲಲಿಲ್ಲ. ದೂರು ಹೇಳಲು ತುಟಿಗೆ ಬಣ್ಣ ಹಚ್ಚಿಕೊಂಡು ಹೋಗುವವರು ಯಾರಾದರೂ ಉಂಟೇ? ಹೆರಿನ್ ಹೋಗುತ್ತಿದ್ದಳು! ಬಾರ್ಲಿ ಚಹಾ ಕುಡಿದು, ಹರಟಿ, ಒಲ್ಲದ ಮನಸ್ಸಿನಿಂದ ಕೆಳಗಿಳಿಯುತ್ತಿದ್ದಳು.

ಒಂದು ಶನಿವಾರ ಮೇಲೆ ಸದ್ದೇ ಇಲ್ಲ.

ಹೊರಗೆ ಬಂದು ನೋಡಿದರೆ ಗೇಟಿನ ಬಳಿ ತೆಯುಲ್‌ನ ಮಂಚ, ಮೇಜು, ಕುರ್ಚಿ! ಮೂರಕ್ಕೂ ದೊಡ್ಡ ಸಾಮಾನು ಎಸೆಯುವಾಗ ಅಂಟಿಸುವ ಚೀಟಿ.

ಅಂದರೆ ಅವನು ಹೊರಟೇಬಿಟ್ಟ! ಮೆಚ್ಚಿದವರಿಗೆ ಪಾದರಕ್ಷೆ ಕೊಡಬೇಡ, ಅದನ್ನೇ ಮೆಟ್ಟಿಕೊಂಡು ಬಿಟ್ಟುಹೋಗುತ್ತಾರೆ ಎಂದು ಅಜ್ಜಿ ಎಷ್ಟು ಸಲ ಹೇಳಿರಲಿಲ್ಲ!

'ಥೂ, ನನ್ನ ಬುದ್ಧಿಗಿಷ್ಟು... ಒಂದು ಕಾಲುಚೀಲ ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ?'

ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದಳು.

"ಮನೆ ಖಾಲಿ ಮಾಡ್ತಿದ್ದೀರಾ? ನನಗೊಂದು ಮಾತು ಹೇಳ್ಬಾರ್ದಿತ್ತಾ?" ಕಣ್ಣು ತುಂಬಿ ಬಂದಿತ್ತು.

ಕೋಣೆಯ ನಡುವೆ ತೆಯುಲ್ ಅದೇ ಚಪ್ಪಲಿ ಮೆಟ್ಟಿ ನಿಂತಿದ್ದ. ನೆಲಕ್ಕೆಲ್ಲ ದಪ್ಪ ಚಾಪೆ, ಮೂಲೆಯಲ್ಲಿ ಮಡಚಿಟ್ಟ ಹಾಸಿಗೆ.

"ಯಾರು ಹೋಗೋದು? ಮಂಚದ ದೌಲತ್ತು ಯಾಕೆ ಅಂದಿದ್ದು ನೀವೇ ತಾನೇ?"

"ಆದ್ರೆ ಆ ಚಪ್ಪಲಿ... ಚಪ್ಪಲಿ ಕೊಟ್ರೆ ಬಿಟ್ಟುಹೋಗ್ತಾರಂತೆ..."

ಅವನು ಜೋರಾಗಿ ನಕ್ಕ. "ಎಲ್ಲಿಗೆ ಓಡ್ಲಿ? ನಾಲ್ಕು ಹೆಜ್ಜೆ ಇಟ್ರೆ ಗೋಡೆ!"

ಆಮೇಲೆ ಮೆಲ್ಲಗೆ ಇನ್ನೊಂದು ಹೊಸ ಹೆಡ್‌ಸೆಟ್ ಅವಳ ಮುಂದೆ ಹಿಡಿದ.

"ನನ್ನೊಬ್ಬನಿಗಾಗಿದ್ರೆ ಹೇಗೋ ನಡೀತಿತ್ತು. ಜಾಗ ಬೇಕಾಗಿದ್ದು ಇಬ್ಬರಿಗೆ. ಹೆರಿನ್... ನಂಗೆ ನೀವಂದ್ರೆ ತುಂಬಾ ಇಷ್ಟ."

ಅವಳು ಕಣ್ಣೊರೆಸಿಕೊಂಡು ನಕ್ಕಳು. "ನಂಗೂ... ಆದ್ರೆ ಇಬ್ಬರೂ ಕುಣಿದ್ರೆ ಕೆಳಗಿನ ಮನೆಯವಳು ಜಗಳಕ್ಕೆ ಬರಲ್ವಾ?"

"ಅವಳು ಮನೇಲಿದ್ರೆ ತಾನೇ ಬರೋದು!"