ಮುಂದಿನ ಚಕ್ರದ ನಡುಕ

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ದೂರು ಠಾಣೆಗೆ ಬಂತು. ಕೊಟ್ಟವರು ಸತ್ತವನ ಹೆಂಡತಿ. ಹೆದ್ದಾರಿಯ ಇಳಿಜಾರಿನಲ್ಲಿ ಎದುರಿನಿಂದ ಬಂದ ಲಾರಿ ತನ್ನ ಗಂಡನ ಮೋಟಾರ್‌ಸೈಕಲ್ಲಿಗೆ ಗುದ್ದಿದೆ, ಚಾಲಕನ ಮೇಲೆ ಕ್ರಮ ಜರುಗಿಸಬೇಕು ಎಂದಷ್ಟೇ ಅದರಲ್ಲಿತ್ತು. ಆಕೆ ಸಹಿ ಹಾಕಿದರು. ಪೆನ್ನಿಗೆ ಮುಚ್ಚಳ ಹಾಕಿ, ಅದನ್ನು ಮೇಜಿನ ಅಂಚಿಗೆ ಸಮನಾಗಿ ಇಟ್ಟು, "ಇನ್ನೇನು ಮಾಡ್ಬೇಕು?" ಎಂದು ಕೇಳಿದರು.

"ಏನೂ ಇಲ್ಲಮ್ಮ. ಮನೆಗೆ ಹೋಗಿ," ಎಂದರು ಇನ್ಸ್‌ಪೆಕ್ಟರ್ ಮೇಡಂ. ಆ ವಾರ ಅದು ಅವರ ಮೂರನೇ ಸಾವಿನ ಕಡತ. ಮೊದಲನೆಯದರ ದಿನ ಊಟ ಸೇರಿರಲಿಲ್ಲ. ಮೂರನೆಯದರ ಹೊತ್ತಿಗೆ ತನಗೆ ಹಸಿವಾಗಿದೆ ಎನ್ನುವುದು ಬಿಟ್ಟು ಬೇರೇನೂ ಗೊತ್ತಾಗುತ್ತಿರಲಿಲ್ಲ.

ಆಕೆಯ ಜೊತೆ ಬಂದಿದ್ದ ಗಂಡಸು ಬಾಗಿಲಲ್ಲೇ ನಿಂತಿದ್ದ. ಅರವತ್ತರ ಆಸುಪಾಸು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು. ಗಂಡನ ಹಳೆಯ ಗೆಳೆಯ, ಇಪ್ಪತ್ತು ವರ್ಷ ಇಬ್ಬರೂ ಬೈಕಿನಲ್ಲಿ ಸುತ್ತದ ಜಾಗವಿಲ್ಲ ಎಂದು ಆಕೆ ಪರಿಚಯಿಸಿದರು. "ನನ್ನ ಮಗಳು ಗಾಳಿಮಾಮ ಅಂತಾಳೆ. ಮನೆಗೆ ಬಂದ್ರೆ ನಮ್ಮ ಮುಖಕ್ಕಿಂತ ಮೊದ್ಲು ಟೈರಿನ ಗಾಳಿ ನೋಡ್ತಾರೆ."

ಗಾಳಿಮಾಮ ನಗಲಿಲ್ಲ. "ಅವನ ಫೋನು ಸಿಕ್ತಾ?"

"ಸಿಕ್ಕಿದೆ. ಯಾಕೆ?"

"ಒಡೆದು ಹೋಗಿದ್ಯಾ?"

"ಗಾಜು ಒಡೆದಿದೆ. ಯಾಕೆ ಅಂತ ಕೇಳಿದ್ನಲ್ಲ?"

"ಸುಮ್ನೆ," ಎಂದು ಆತ ಹೊರಗೆ ನೋಡಿದ.

ಎಫ್‌ಐಆರ್ ದಾಖಲಾಯಿತು. ಲಾರಿ ಚಾಲಕ ಅಷ್ಟರಲ್ಲಾಗಲೇ ಠಾಣೆಯಲ್ಲಿದ್ದ. ಅವನ ಹೆಂಡತಿ, ತುಂಬು ಬಸುರಿ, ಹೊರಗಿನ ಬೆಂಚಿನ ಮೇಲೆ ಊಟದ ಡಬ್ಬಿ ಹಿಡಿದು ಕೂತಿದ್ದಳು.

"ಮೇಡಂ, ನಾನು ನನ್ನ ಪಕ್ಕ ಬಿಟ್ಟು ಒಂದು ಗೇಣೂ ಆಚೆ ಬಂದಿಲ್ಲ. ಆ ಗಾಡಿ ದೂರದಿಂದ್ಲೇ ಬೇಡ ಬೇಡ ಅಂತ ತಲೆ ಆಡಿಸ್ಕೊಂಡು ಬಂತು."

"ಗಾಡಿ ತಲೆ ಆಡಿಸ್ತಾ?"

"ಹ್ಯಾಂಡಲ್ಲು ಮೇಡಂ. ಪಟಪಟ ಅಂತ ಅತ್ಲಾಗೆ ಇತ್ಲಾಗೆ. ಹಂಗೇ ನನ್ನ ಬಂಪರಿಗೇ ಬಂತು. ಲೈಸೆನ್ಸು ಹೋದ್ರೆ ನಂಗೆ ಬೇರೆ ಕೆಲಸ ಬರಲ್ಲ ಮೇಡಂ."

ಠಾಣೆಯ ಹಿರಿಯ ಹೆಡ್ ಕಾನ್‌ಸ್ಟೇಬಲ್ಲರನ್ನು ಎಲ್ಲರೂ ದಫೇದಾರರು ಎನ್ನುತ್ತಿದ್ದರು. ಅವರು ಮೂಗು ಮುರಿದರು. "ಡ್ರೈವರ್‌ಗಳೆಲ್ಲ ಹೇಳೋದು ಇದೇ. ಲೈಟುಕಂಬ ಕೂಡ ಅವರಿಗೆ ತಾನಾಗೇ ಅಡ್ಡ ಬಂದಿರುತ್ತೆ."

"ನಮ್ಮ ಜೀಪಿಗೆ ನೀವು ಓಡಿಸುವಾಗ ಗೇಟು ಅಡ್ಡ ಬಂದ ಹಾಗೆ," ಎಂದರು ಇನ್ಸ್‌ಪೆಕ್ಟರ್. ದಫೇದಾರರು ಕಡತದ ದಾರ ಕಟ್ಟತೊಡಗಿದರು.

ಸೋಮವಾರ ಬೆಳಿಗ್ಗೆ ಸ್ಥಳ ಪಂಚನಾಮೆ ನಡೆಯಿತು. ಲಾರಿಯ ಬ್ರೇಕಿನ ಗುರುತು ಅದರ ಪಕ್ಕದಲ್ಲೇ ನೇರವಾಗಿತ್ತು. ಬೈಕಿನದು ಹಾಗಿರಲಿಲ್ಲ. ಗುದ್ದಿದ ಜಾಗಕ್ಕೆ ಎಷ್ಟೋ ಮೊದಲೇ ಟಾರಿನ ಮೇಲೆ ಕಪ್ಪು ಗೆರೆಯೊಂದು ಶುರುವಾಗಿ, ಎಡಕ್ಕೆ ಬಲಕ್ಕೆ ಬಳುಕುತ್ತಾ, ಪ್ರತಿ ಬಳುಕಿಗೂ ಅಗಲವಾಗುತ್ತಾ ರಸ್ತೆಯ ನಡುಗೆರೆ ದಾಟಿತ್ತು.

"ಹಾವು ಹರಿದ ಹಾಗಿದೆ ಮೇಡಂ," ಎಂದರು ದಫೇದಾರರು. ಈ ಸಲ ಅವರ ದನಿಯಲ್ಲಿ ಕೊಂಕು ಇರಲಿಲ್ಲ.

ಇನ್ಸ್‌ಪೆಕ್ಟರ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಮೆಲ್ಲಗೆ ತಳ್ಳುತ್ತಾ ಹೋದರೆ ಅದು ಆಕಾಶಕ್ಕೆ ಏರುತ್ತದೆ. ಈ ಚಕ್ರವನ್ನೂ ಏನೋ ಹಾಗೆ ತಳ್ಳಿದೆ. ಏನು?

ಮಧ್ಯಾಹ್ನ ಮೋಟಾರು ವಾಹನ ನಿರೀಕ್ಷಕರು ಠಾಣೆಯ ಅಂಗಳಕ್ಕೆ ಬಂದರು. ಅವರು ಅವಸರ ಮಾಡುವ ಮನುಷ್ಯರಲ್ಲ. ಮೊದಲು ಮುಂದಿನ ಆಕ್ಸಲ್ ನೋಡಿದರು, ಬಿಗಿಯಾಗಿತ್ತು. ಇಬ್ಬರು ಕಾನ್‌ಸ್ಟೇಬಲ್‌ಗಳಿಂದ ಗಾಡಿ ಎತ್ತಿಸಿ, ಜಜ್ಜಿದ ಫೋರ್ಕನ್ನು ಹಿಡಿದು ಹಿಂದೆ ಮುಂದೆ ಎಳೆದರು. ಹ್ಯಾಂಡಲ್ಲಿನ ಬುಡದ ಬೇರಿಂಗು ಸಡಿಲವಾಗಿರಲಿಲ್ಲ, ತಿರುಗಿಸಿದರೆ ಎಲ್ಲಿಯೂ ತಡೆಯಲೂ ಇಲ್ಲ. ಹಿಂದಿನ ಚಕ್ರವೂ ಅಲುಗಲಿಲ್ಲ. ಆಮೇಲೆ ಮುಂದಿನ ಟೈರಿನ ಮೇಲೆ ಅಂಗೈ ಇಟ್ಟು ಒಂದು ದಿಕ್ಕಿಗೆ ಸವರಿದರು, ಮತ್ತೆ ಎದುರು ದಿಕ್ಕಿಗೆ.

"ನೀವೂ ಸವರಿ ನೋಡಿ ಮೇಡಂ."

ಒಂದು ಕಡೆ ನುಣುಪು. ಇನ್ನೊಂದು ಕಡೆ ಸಾಲಾಗಿ ಅಲೆಗಳು ಬೆರಳಿಗೆ ತಾಕಿದವು.

"ಅಲೆಅಲೆಯಾಗಿ ಸವೆದಿದೆ. ಏಳು ವರ್ಷದ ಮಾಲು, ತಯಾರಾದ ವಾರ ಪಕ್ಕದಲ್ಲೇ ಅಚ್ಚಾಗಿದೆ. ಹಿಂದಿನದು ನೋಡಿ, ಹೊಚ್ಚ ಹೊಸದು, ಇನ್ನೂ ರಬ್ಬರಿನ ಕೂದಲು ಹೋಗಿಲ್ಲ. ದೂರದ ಪ್ರಯಾಣಕ್ಕೆ ಅಂತಲೇ ಮಾಡಿದ ಟೈರು, ನಡುವೆ ಗಟ್ಟಿ, ಅಂಚಲ್ಲಿ ಮೆದು, ಭಾರ ತಡೆಯುತ್ತೆ. ತಿಳಿದವರೇ ಆರಿಸಿದಾರೆ. ಇಂಥವು ಜೋಡಿಯಾಗಿ ಹಾಕೋದು. ಮುಂದಿನದೂ ಅದೇ ನಮೂನೆ, ಆದ್ರೆ ಹಳೇದು. ಹೊಸದರ ಹಾಗೆ ಕಾಣ್ಲಿ ಅಂತ ಮೇಲೆ ಕಪ್ಪು ಪಾಲಿಶ್ ಬೇರೆ."

"ಸತ್ತವನೇ ಹಾಕಿಕೊಂಡಿರಬಹುದಲ್ಲ?"

ನಿರೀಕ್ಷಕರು ರಿಮ್ಮಿನ ಒಳಬದಿಯನ್ನು ತೋರಿಸಿದರು. ಧೂಳಿನ ನಡುವೆ ಬೆರಳಗಲದ ಒಂದು ಜಾಗ ಮಾತ್ರ ತೊಳೆದಂತೆ ಹೊಳೆಯುತ್ತಿತ್ತು. "ಚಕ್ರ ಸಮತೂಕಕ್ಕೆ ಬರೋಕೆ ಇಲ್ಲಿ ಸೀಸದ ಬಿಲ್ಲೆ ಅಂಟಿಸಿರ್ತಾರೆ. ಅದು ಉದುರಿದ್ರೆ ಅಂಟು ಉಳಿಯುತ್ತೆ. ಇಲ್ಲಿ ಅಂಟನ್ನೂ ಒರೆಸಿದಾರೆ."

ಸಂಜೆ ಇನ್ಸ್‌ಪೆಕ್ಟರ್ ಸತ್ತವನ ಮನೆಗೆ ಹೋದರು. ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದರು, ಗಂಡನ ಅಂಗಿಗಳನ್ನೂ ಸೇರಿಸಿ.

"ಎರಡೂ ಟೈರು ಹೊಸದೇ. ಒಂದು ತಿಂಗಳು ಇಬ್ರೂ ಕೂತು ಆರಿಸಿದ್ರು. ನನ್ನನ್ನ ಮದುವೆ ಆಗೋಕೂ ಈ ಮನುಷ್ಯ ಅಷ್ಟು ಯೋಚನೆ ಮಾಡಿರ್ಲಿಲ್ಲ. ಶನಿವಾರ ಗಾಳಿಮಾಮನೇ ಹಾಕಿ ಕಳಿಸಿದ್ರು."

"ನಿಮ್ಮ ಯಜಮಾನರು ಒಂದು ಸಲ ಬಗ್ಗಿ ನೋಡ್ಲಿಲ್ವಾ?"

"ಅವರು ಹಾಕಿದ್ದನ್ನ ಇವರು ಯಾವತ್ತು ನೋಡಿದಾರೆ?" ಆಕೆ ಅಂಗಿಯೊಂದರ ಗುಂಡಿ ಹಾಕಿದರು. "ಗಾಳಿಮಾಮನಿಗೆ ಎರಡು ವರ್ಷದಿಂದ ತಲೆಸುತ್ತು, ಬೈಕ್ ಬಿಟ್ಟಿದಾರೆ. ಇವರೂ ಆಗಿನಿಂದ ದೂರದ ಸವಾರಿಗೆ ಹೋಗಿರ್ಲಿಲ್ಲ. ನಿನ್ನೆ ಬೆಳಿಗ್ಗೆ ಹೊಸ ಬೈಕ್ ಗುಂಪಿನ ಜೊತೆ ಸೇರ್ಕೊಳ್ಳೋಕೆ ಹೊರಟಿದ್ರು."

ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬುವ ಹೆಂಗಸಿಗೆ ಸತ್ತವನ ನೆನಪು ಚೆನ್ನಾಗಿತ್ತು. ಎರಡು ಕಡೆ ಪೆಟ್ಟಿಗೆ, ಹಿಂದೊಂದು ಪೆಟ್ಟಿಗೆ, ಮನೆಯನ್ನೇ ಹೇರಿಕೊಂಡು ಬಂದಂತಿದ್ದ ಗಾಡಿ. "ಒಂದು ಕೈ ಬಿಟ್ರೆ ಮುಂದೆ ನಡುಗುತ್ತೆ, ಗಾಳಿ ನೋಡಮ್ಮ ಅಂದ್ರು. ಗಾಳಿ ಸರಿಯಾಗೇ ಇತ್ತು. ಆಮೇಲೆ ಯಾರಿಗೋ ಫೋನ್ ಮಾಡಿದ್ರು." ಮುಂದೆ ಆಕೆ ಹೇಳಿದ ಒಂದು ಮಾತನ್ನು ದಫೇದಾರರು ಹಾಗೆಯೇ ಹೇಳಿಕೆಯಲ್ಲಿ ಬರೆದುಕೊಂಡರು. ಬರೆದಾದ ಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡರು.

ಮಂಗಳವಾರ ಬೆಳಿಗ್ಗೆ ಪಂಚರ ಜೊತೆ ಗಾಳಿಮಾಮನ ಬೈಕ್ ರಿಪೇರಿ ಶೆಡ್ಡಿಗೆ ಹೋದಾಗ ಬಾಗಿಲು ತೆರೆದೇ ಇತ್ತು. ಒಳಗೆ ಒಂದೂ ಗಾಡಿ ಇರಲಿಲ್ಲ. ಆದರೆ ಕೆಲಸಕ್ಕೆ ಎಲ್ಲವೂ ಅಣಿಯಾಗಿತ್ತು. ಬೆಂಚಿನ ಮೇಲೆ ಬಟ್ಟೆ ಹಾಸಿ ಟೈರು ಬಿಚ್ಚುವ ಪಟ್ಟಿಗಳು, ಆಕ್ಸಲ್ಲಿನ ಪಾನಾ, ಸೀಸದ ಬಿಲ್ಲೆಗಳ ಹೊಸ ಪಟ್ಟಿ. ಪಕ್ಕದಲ್ಲಿ ಚಕ್ರ ತೂಗುವ ಸ್ಟ್ಯಾಂಡು. ಗೋಡೆಗೆ ಒರಗಿಸಿದ್ದ ಹೊಸ ಮುಂದಿನ ಟೈರು. ಎರಡು ಕುರ್ಚಿ, ಒಂದು ಫ್ಲಾಸ್ಕು, ಎರಡು ಲೋಟ.

"ಯಾರಿಗೆ ಕಾಯ್ತಿದ್ರಿ?" ಎಂದು ಕೇಳಿದರು ಇನ್ಸ್‌ಪೆಕ್ಟರ್.

ಗಾಳಿಮಾಮ ಬೆಂಚಿನತ್ತ ನೋಡಿದ. ಅಲ್ಲಿಂದ ಏನನ್ನೂ ತೆಗೆದಿಡಬೇಕೆಂದು ಎರಡು ದಿನದಲ್ಲಿ ಅವನಿಗೆ ಹೊಳೆದೇ ಇರಲಿಲ್ಲ.

"ಭಾನುವಾರ ವಾಪಸ್ ಬರ್ಬೇಕಿತ್ತು ಅವನು."

"ಬೇಕಂತಲೇ ಹಳೇದು ಹಾಕಿದ್ರಾ?"

"ಹೌದು."

"ಬಿಲ್ಲೆ?"

"ನಾನೇ ಕಿತ್ತೆ. ಐವತ್ತರ ವೇಗದಲ್ಲೇ ನಡುಗ್ಬೇಕಿತ್ತು ಮೇಡಂ. ಊರು ದಾಟೋಕೆ ಮುಂಚೆನೇ. ಬೈಕೊಂಡು ವಾಪಸ್ ಬರ್ತಾನೆ, ಇಬ್ರೂ ಕೂತು ಬಿಚ್ಚೋಣ, ಒಂದು ದಿನ ಹೋಗುತ್ತೆ, ಆ ಗುಂಪು ಮುಂದೆ ಹೋಗಿಬಿಡುತ್ತೆ... ಅಷ್ಟೇ ಇದ್ದದ್ದು." ಅವನು ಎರಡೂ ಕೈ ಮುಂದೆ ಚಾಚಿ, ಇಲ್ಲದ ಹ್ಯಾಂಡಲ್ಲನ್ನು ಬೆರಳ ತುದಿಯಲ್ಲಿ ಹಿಡಿದ. "ನಾನು ಹಿಡಿಯೋದು ಹಿಂಗೆ. ಅವನು ಕತ್ತು ಹಿಸುಕಿದ ಹಾಗೆ ಹಿಡೀತಾನೆ. ಹಂಗೆ ಹಿಡಿದ್ರೆ ನಡುಕ ಒಳಗೇ ಅಡಗಿರುತ್ತೆ. ಇಪ್ಪತ್ತು ವರ್ಷ ಬೈದಿದೀನಿ ಅವನಿಗೆ. ಲೆಕ್ಕ ಹಾಕುವಾಗ ನನ್ನ ಕೈ ನೆನಪಿಟ್ಕೊಂಡೆ, ಅವನದು ಮರೆತೆ."

ಆ ಇಳಿಜಾರಿನಲ್ಲಿ ವೇಗ ಇಳಿಸುತ್ತಾ ಸತ್ತವನು ಯಾವುದಕ್ಕೋ ಒಂದು ಕೈ ತೆಗೆದಿರಬೇಕು. ಹಿಂದಿನ ಪೆಟ್ಟಿಗೆಗಳ ಭಾರಕ್ಕೆ ಮುಂದಿನ ಚಕ್ರ ಹಗುರಾಗಿತ್ತು. ಉಳಿದದ್ದು ಟಾರಿನ ಮೇಲೆ ಬರೆದಿತ್ತು.

ಟೈರು, ಬಿಲ್ಲೆಗಳ ಪಟ್ಟಿ, ಪಾಲಿಶ್ ಡಬ್ಬಿ ಪಂಚನಾಮೆಯಲ್ಲಿ ಸೇರಿದವು. ಕೊಲೆಯಲ್ಲದ ನರಹತ್ಯೆಯ ಆರೋಪದ ಮೇಲೆ ಗಾಳಿಮಾಮನ ಬಂಧನವಾಯಿತು. ಜೀಪು ಹತ್ತುವ ಮುನ್ನ, ಅಭ್ಯಾಸಬಲದಿಂದಲೋ ಏನೋ, ಆತ ಅದರ ಮುಂದಿನ ಟೈರಿಗೆ ಹೆಬ್ಬೆರಳು ಒತ್ತಿ ನೋಡಿದ.

"ಮೇಡಂ, ಅವನು ನಂಗೆ ಎಷ್ಟು ಸಲ ಫೋನ್ ಮಾಡಿದ್ದ?"

"ನಿಮ್ಮ ಫೋನಲ್ಲೇ ಇರುತ್ತಲ್ಲ."

"ನಂದ್ರಲ್ಲಿ ಒಂದೇ ಇದೆ. ಆಮೇಲೆ ಸಿಗ್ನಲ್ ಇಲ್ದೆ ಮಾಡಿ ಮಾಡಿ ಬಿಟ್ನೇನೋ ಅಂತ." ಅವನು ಹೆಬ್ಬೆರಳಿನ ಧೂಳನ್ನು ಅಂಗಿಗೆ ಒರೆಸಿಕೊಂಡ. "ಹೆಸರು ನೋಡಿ ಖುಷಿ ಆಯ್ತು. ಎತ್ಲಿಲ್ಲ. ಸ್ವಲ್ಪ ಒದ್ದಾಡ್ಲಿ, ಎರಡನೇ ಸಲ ಮಾಡ್ದಾಗ ಎತ್ತೋಣ ಅಂತ ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ."

"ಒಂದೇ ಸಲ," ಎಂದರು ಇನ್ಸ್‌ಪೆಕ್ಟರ್.

ಠಾಣೆಯಲ್ಲಿ ಲಾರಿ ಚಾಲಕನನ್ನು ಬಿಡುವ ಕಾಗದಕ್ಕೆ ಸಹಿ ಬಿತ್ತು. ಅವನ ಹೆಂಡತಿ ಬೆಂಚಿನ ಅಂಚು ಹಿಡಿದು ಎದ್ದಳು. ಇಬ್ಬರೂ ಗೇಟಿನತ್ತ ನಡೆದರು. ದಫೇದಾರರು ಕಡತ ಜೋಡಿಸುತ್ತಾ ಬಂಕಿನ ಹೆಂಗಸಿನ ಹೇಳಿಕೆಯ ಹಾಳೆಯ ಮೇಲೆ ಕೈ ತಡೆದರು.

"ಇದೂ ಆರೋಪಿಗೆ ಹೋಗ್ಬೇಕಾ ಮೇಡಂ?"

"ದೋಷಾರೋಪ ಪಟ್ಟಿ ಜೊತೆ ಎಲ್ಲದರ ಪ್ರತಿ ಕೊಡಲೇಬೇಕಲ್ಲ."

ಇನ್ಸ್‌ಪೆಕ್ಟರ್ ಆ ಹಾಳೆಯನ್ನು ಇನ್ನೊಮ್ಮೆ ಓದಿದರು. ಗಾಳಿಮಾಮ ಎತ್ತದಿದ್ದಾಗ ಸತ್ತವನು ಫೋನನ್ನು ಜೇಬಿಗೆ ಹಾಕಿ ಆಕೆಯ ಹತ್ತಿರ ಹೇಳಿದ್ದು ಇಷ್ಟೇ: 'ತಲೆಸುತ್ತು ಬಂದು ಮಲಗಿರ್ಬೇಕು ಪಾಪ. ಮತ್ತೆ ಮಾಡಿ ಎಬ್ಬಿಸೋದು ಬೇಡ.'

ಹಾಳೆಗೆ ಪುಟಸಂಖ್ಯೆ ಹಾಕಿ, ಮೊಹರು ಒತ್ತಿ, ಅವರು ಅದನ್ನು ಕಡತದೊಳಗೆ ಸೇರಿಸಿದರು.