ಸಿಹಿ ಮರೆಸುವ ಬಳ್ಳಿ

"ಮಧುನಾಶಿನಿ ಗಿಡ ಇಲ್ಲೆಲ್ಲೋ ಇದೆಯಂತಲ್ಲ, ಎಲ್ಲಿ?"

"ಗಿಡ ಅಲ್ಲ, ಬಳ್ಳಿ. ನೀವು ಅದರ ಮೇಲೇ ನಿಂತಿದ್ದೀರ."

ಅವಳು ಹೌಹಾರಿ ಹಿಂದೆ ಸರಿದಳು. ಕುಕ್ಕರುಗಾಲಲ್ಲಿ ಕೂತು ಕಡ್ಡಿಗೆ ದಾರ ಕಟ್ಟುತ್ತಿದ್ದವನು ನಗಲಿಲ್ಲ. ತಡೆದ ನಗು ಕೆನ್ನೆಯಲ್ಲಿ ಗುಳಿಯಾಗಿ ನಿಂತಿತ್ತು, ಅಷ್ಟೆ.

ಬಿಸ್ಕತ್ತು ಕಾರ್ಖಾನೆಯ ಹಿಂಗೋಡೆಗೆ ಅಂಟಿಕೊಂಡೇ ಇತ್ತು ಆಯುರ್ವೇದ ಕಾಲೇಜಿನವರ ಮದ್ದಿನ ತೋಟ. ನಡುವೆ ಒಂದು ಪುಟ್ಟ ಗೇಟು. ಊಟದ ಬಿಡುವಿನಲ್ಲಿ ಅದನ್ನು ದಾಟಿ ಬಂದಿದ್ದಳು. ತೋಟ ನೋಡಿಕೊಳ್ಳುವ ಇವನನ್ನು ಕಾಲೇಜಿನ ಹುಡುಗರು ಎಲೆಯಪ್ಪ ಎನ್ನುತ್ತಾರೆಂದು ಅವಳಿಗೆ ಆಗಲೇ ಗೊತ್ತಿತ್ತು. ಅವಳ ಬಗ್ಗೆ ಅವನಿಗೆ ಗೊತ್ತಾದದ್ದು ಏಪ್ರನ್ನಿನ ಮೇಲಿನ ಕಾರ್ಖಾನೆಯ ಮುದ್ರೆಯಷ್ಟೆ.

"ಯಾರಿಗೆ ಎಲೆ?"

"ಅಪ್ಪಂಗೆ. ಸಕ್ಕರೆ ಕಾಯಿಲೆ. ಈ ಎಲೆ ತಿಂದ್ರೆ ಮಾತ್ರೆ ಬಿಸಾಕಬಹುದು ಅಂತ ಅವರ ಗೆಳೆಯರು ತಲೆಗೆ ತುಂಬಿದ್ದಾರೆ."

"ಬಿಸಾಕೋದಾದ್ರೆ ಮೊದಲು ಆ ಗೆಳೆಯರನ್ನ ಬಿಸಾಕೋಕೆ ಹೇಳಿ." ಅವನು ಎದ್ದು ಕೈ ಒರೆಸಿಕೊಂಡ. "ಹಿಂದಿನಿಂದ ಮದ್ದಿಗೆ ಬಳಸ್ತಿದ್ದಾರೆ, ನಿಜ. ಸಕ್ಕರೆ ಒಂಚೂರು ಇಳಿಯೋ ಹಾಗಿದೆ ಅಂತ ಕೆಲವು ಚಿಕ್ಕ ಪರೀಕ್ಷೆಗಳೂ ಹೇಳ್ತವೆ. ಆದ್ರೆ ಮಾತ್ರೆ ಜೊತೆ ಇದೂ ಸೇರಿದ್ರೆ ಸಕ್ಕರೆ ತೀರಾ ಕೆಳಗೆ ಹೋಗಬಹುದು, ತಲೆಸುತ್ತಿ ಬೀಳ್ತಾರೆ. ಡಾಕ್ಟರನ್ನ ಕೇಳದೆ ಒಂದೆಲೆಯೂ ಕೊಡಲ್ಲ ನಾನು."

ಎಲೆ ಕೊಡದವನ ಮೇಲೆ ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಮಾರುವುದೇ ಧರ್ಮವಾದ ಗೋಡೆಯ ಆಚೆಯಿಂದ ಬಂದವಳಿಗೆ, ಬೇಡ ಎನ್ನುವ ಮನುಷ್ಯ ಹೊಸಬ.

ಮರುದಿನವೂ ಬಂದಳು.

"ಅದು ಸಕ್ಕರೆನ ಹೇಗೆ ಇಳಿಸುತ್ತೆ?"

"ಪೂರ್ತಿ ಯಾರಿಗೂ ಗೊತ್ತಿಲ್ಲ. ಕರುಳಲ್ಲಿ ಸಕ್ಕರೆ ಒಳಗೆ ಹೋಗೋ ಬಾಗಿಲಿಗೆ ಅಡ್ಡ ಕೂರುತ್ತೆ ಅಂತಾರೆ."

"ಬಳ್ಳಿಗ್ಯಾಕೆ ಬೇಕು ಆ ಕೆಲಸ? ಅದಕ್ಕೇನು ಕಾಯಿಲೆನಾ?"

ಅವನು ಕತ್ತರಿ ಕೆಳಗಿಟ್ಟ. ತೋಟಕ್ಕೆ ಬರುವವರೆಲ್ಲ ಎಷ್ಟು ಎಲೆ, ಎಷ್ಟು ಹೊತ್ತಿಗೆ ಎಂದು ಕೇಳಿ ಹೋಗುತ್ತಿದ್ದರು. ಬಳ್ಳಿಯ ಕಡೆಯಿಂದ ಯೋಚಿಸಿದವರು ಈವರೆಗೆ ಒಬ್ಬರೂ ಇರಲಿಲ್ಲ.

"ಹುಳ ತಿನ್ನಬಾರದು ಅಂತ ಇರಬೇಕು. ತಿಂದ ಬಾಯಿಗೆ ರುಚಿ ಕೆಟ್ಟರೆ ಇನ್ನೊಂದು ಸಲ ಬಾಯಿ ಹಾಕುತ್ತಾ?"

"ಹಾಗಾದ್ರೆ ಜಾಣ ಬಳ್ಳಿ."

"ನೋಡೋಕೆ ಮಾತ್ರ ಸಾಧು," ಎಂದು ಅವಳನ್ನೇ ನೋಡಿದ. ಮಾತು ಬಳ್ಳಿಯದೋ ತನ್ನದೋ ತಿಳಿಯದೆ ಅವಳು ಏಪ್ರನ್ನಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡಳು.

ಮೂರನೆಯ ದಿನ ಹೊರಟು ನಿಂತಾಗ ಅವನು ಎರಡು ಎಲೆ ಕಿತ್ತು ತೊಳೆದು ಅಂಗೈಗೆ ಹಾಕಿದ. ಜೋಡಿ ಎಲೆ. ಮೈಮೇಲೆ ನವಿರು ರೋಮ.

"ಇದು ನಿಮ್ಮಪ್ಪಂಗಲ್ಲ, ನಿಮಗೆ. ಚೆನ್ನಾಗಿ ಅಗಿದು ಉಗುಳಿಬಿಡಿ."

"ಏನಾಗುತ್ತೆ?"

"ನಾಳೆ ಬಂದು ನೀವೇ ಹೇಳಿ."

ಅಗಿಯುತ್ತ ನಡೆದಳು. ಕಹಿ, ಹಸಿ ಹುಲ್ಲಿನ ವಾಸನೆ. ಇದರಲ್ಲೇನು ಮಹಾ ಎಂದು ಗೇಟಿನ ಹತ್ತಿರ ಉಗುಳಿ ಬಾಯಿ ತೊಳೆದಳು.

ಕಾರ್ಖಾನೆಯಲ್ಲಿ ಅವಳಿಗೆ ಬೇರೆಯೇ ಹೆಸರಿತ್ತು: ನಾಲಿಗೆ. ಬಿಸ್ಕತ್ತಿನ ನಡುವೆ ಹೋಗುವ ಕ್ರೀಮನ್ನು ತೊಟ್ಟಿ ತೊಟ್ಟಿಗೂ ರುಚಿ ನೋಡಿ ಸರಿ ಅಥವಾ ಬೇಡ ಎನ್ನುವುದೇ ಅವಳ ಕೆಲಸ. ಬೇಡ ಎಂದರೆ ತೊಟ್ಟಿಯನ್ನು ತಕ್ಷಣ ಚರಂಡಿಗೆ ಸುರಿದು ತೊಳೆಯಬೇಕು. ಇನ್ನೊಬ್ಬರು ರುಚಿ ನೋಡುವ ಪದ್ಧತಿಯಿಲ್ಲ.

ಎರಡು ಗಂಟೆಯ ತೊಟ್ಟಿಯಿಂದ ಚಮಚ ಬಾಯಿಗಿಟ್ಟಳು. ಬರೀ ಜಿಡ್ಡು. ಎಣ್ಣೆ ಬಟ್ಟೆ ಕಚ್ಚಿದ ಹಾಗೆ.

"ಸಕ್ಕರೆನೇ ಬಿದ್ದಿಲ್ಲ ಇದಕ್ಕೆ. ಬೇಡ."

ಕ್ರೀಮು ಕಲಸುವ ಹೆಂಗಸು ಬೆಚ್ಚಿದಳು. ಎಲ್ಲರ ಬಾಯಲ್ಲೂ ಆಕೆ ಕ್ರೀಮಕ್ಕ. ಹದಿನೆಂಟು ವರ್ಷದಿಂದ ಅದೇ ಯಂತ್ರದ ಮುಂದೆ ನಿಂತವಳು. "ಏನೇ ಹೇಳ್ತೀಯ ನಾಲಿಗೆ? ಮೂಟೆ ಬಿಚ್ಚಿ ಸುರಿದಿದ್ದು ನನ್ನ ಕೈಯೇ ಅಲ್ವಾ?"

ಅಷ್ಟರಲ್ಲಿ ತೊಟ್ಟಿ ಖಾಲಿಯಾಗಿತ್ತು. ಕ್ರೀಮಿಗೆ ಬೀಳದ ಸಕ್ಕರೆ ಎಲ್ಲಿ ಹೋಯಿತು ಎಂದು ಮ್ಯಾನೇಜರ್ ಕೇಳಿದರು. ಉತ್ತರವನ್ನೂ ಅವರೇ ಕೊಟ್ಟುಕೊಂಡರು. ಕ್ರೀಮಕ್ಕನ ಮೇಲೆ ಒಂದು ಮೂಟೆ ಸಕ್ಕರೆ ಕದ್ದ ಆರೋಪ. ಬೆಳಿಗ್ಗೆ ವಿಚಾರಣೆ, ಅಲ್ಲಿಂದಾಚೆ ಗೇಟಿನೊಳಗೆ ಕಾಲಿಡಬೇಡ. ಕದ್ದ ಮೂಟೆಯನ್ನು ಹೊತ್ತು ಕಾವಲುಗಾರನ ಕಣ್ಣು ತಪ್ಪಿಸಿ ಹೋದದ್ದು ಹೇಗೆಂದು ಯಾರೂ ಕೇಳಲಿಲ್ಲ. ಬಡವರ ಮೇಲೆ ಕಳವು ಹೊರಿಸುವಾಗ ಇಂಥ ಲೆಕ್ಕ ಯಾರಿಗೆ ಬೇಕು.

ಕ್ಯಾಂಟೀನಿನ ಟೀಯೂ ಸಪ್ಪೆಯಾಗಿತ್ತು. ಅಡಿಗೆಯವನಿಗೂ ನಾಲ್ಕು ಮಾತು ಅಂದು ಬಂದಳು. ನಾಲ್ಕು ಗಂಟೆಗೆ ಅದೇ ಪಾತ್ರೆಯ ಟೀಯನ್ನು ಅವನು ಮುಖ ಗಂಟಿಕ್ಕಿಕೊಂಡೇ ತಂದಿಟ್ಟ.

"ಒಂದು ಕಾಳು ಸಕ್ಕರೆನೂ ಹೆಚ್ಚಿಗೆ ಹಾಕಿಲ್ಲ. ಬೇಕಾದ್ರೆ ಕುಡಿ, ಬೇಡವಾದ್ರೆ ಬಿಡು."

ಕುಡಿದಳು. ಸಿಹಿ. ಲೋಟ ಕೈಯಲ್ಲೇ ನಿಂತಿತು. ಎರಡು ಗಂಟೆಗೆ ತೊಟ್ಟಿಯಲ್ಲೂ ಇಲ್ಲ, ಟೀಯಲ್ಲೂ ಇಲ್ಲ; ನಾಲ್ಕಕ್ಕೆ ಇದೆ. ಹೋದದ್ದು ಸಕ್ಕರೆಯಲ್ಲ, ನಾಲಿಗೆ.

ತೋಟಕ್ಕೆ ಓಡಿದಳು.

"ಆ ಎಲೆ ತಿಂದ್ರೆ ಸಿಹಿ ಗೊತ್ತಾಗಲ್ವಾ?"

ಎಲೆಯಪ್ಪನ ಮುಖ ಅರಳಿತು. "ಗೊತ್ತಾಯ್ತಾ? ಅರ್ಧ ಗಂಟೆ, ಕೆಲವರಿಗೆ ಒಂದು ಗಂಟೆ. ಸಕ್ಕರೆ ಬಾಯಿಗೆ ಹಾಕಿದ್ರೆ ಮರಳು. ಉಪ್ಪು, ಹುಳಿ ಎಲ್ಲ ಇರುತ್ತೆ, ಸಿಹಿ ಮಾತ್ರ..."

"ನಾನು ಅಲ್ಲಿ ರುಚಿ ನೋಡೋಳು."

ಅರಳಿದ ಮುಖ ಹಾಗೇ ಬಾಡಿತು. ಅವಳು ನಡೆದದ್ದನ್ನೆಲ್ಲ ಹೇಳಿದಳು. ದನಿ ಏರಲಿಲ್ಲ, ಅದೇ ಅವನಿಗೆ ಹೆಚ್ಚು ನಾಟಿತು.

"ನಿಮ್ಮಾಟಕ್ಕೆ ಒಬ್ಬ ಹೆಂಗಸು ಕಳ್ಳಿ ಆದ್ಲು. ನಮ್ಮಪ್ಪಂಗೆ ಅಷ್ಟೆಲ್ಲ ಬಿಡಿಸಿ ಹೇಳಿದೋರು, ನಂಗೆ ಒಂದು ಮಾತು ಯಾಕೆ ಹೇಳಲಿಲ್ಲ?"

"ಬೆಳಿಗ್ಗೆ ಬರ್ತೀನಿ. ಎಲೆ ತಗೊಂಡು."

ಬೆಳಿಗ್ಗೆ ಮ್ಯಾನೇಜರ್ ಕೋಣೆಯಲ್ಲಿ ಐದು ಕುರ್ಚಿಯಲ್ಲೂ ಮೇಲಿನವರು ಕೂತಿದ್ದರು. ಕ್ರೀಮಕ್ಕ ನಿಂತೇ ಇದ್ದಳು. ತಪ್ಪು ನನ್ನದು, ಎಲೆ ಅಗಿದು ರುಚಿ ನೋಡಿದೆ ಎಂದು ನಾಲಿಗೆ ಹೇಳಿದಾಗ ಮ್ಯಾನೇಜರ್ ಕನ್ನಡಕ ತೆಗೆದರು.

"ಗೆಳತಿನ ಉಳಿಸೋಕೆ ಒಳ್ಳೆ ಕತೆ ಕಟ್ಟಿದ್ದೀಯಮ್ಮ."

"ಕತೆ ಅಲ್ಲ ಸಾರ್, ಎಲೆ." ಎಲೆಯಪ್ಪ ತಾನು ತಂದ ಎಲೆಯ ತಟ್ಟೆಯನ್ನು ಮೇಜಿನ ಮೇಲಿಟ್ಟ. "ಅಗಿದು ನೋಡಿ. ಬೇಡ ಅಂದ್ರೆ ಬೇಡ. ಆದ್ರೆ ಅಗಿಯದೆ ಆಕೆನ ಕಳ್ಳಿ ಅನ್ನಬೇಡಿ."

ಮ್ಯಾನೇಜರ್ ಎಲೆಯನ್ನೂ ಅವನನ್ನೂ ನೋಡಿದರು. ಮೊದಲು ಇವನೇ ಅಗಿಯಲಿ ಎಂದರು. ಅವನು ಅಗಿದ. ಆಮೇಲೆ ಅವರು ಮುಖ ಕಿವುಚಿಕೊಂಡು ಅಗಿದು ಉಗುಳಿದರು. ಕ್ರೀಮಕ್ಕ ಒಂದು ಚಮಚ ಸಕ್ಕರೆಯನ್ನು ತಾನೇ ಮುಂದೆ ಹಿಡಿದಳು.

ಅವರ ದವಡೆ ಆಡಿತು. ನಿಂತಿತು. ಇನ್ನೊಂದು ಚಮಚ ಹಾಕಿಕೊಂಡರು.

"ಮರಳು," ಎಂದರು ಸಣ್ಣ ದನಿಯಲ್ಲಿ.

"ನಿನ್ನೆ ನಾನು ಹೇಳಿದ್ದು ಹದಿನೆಂಟು ವರ್ಷದ ಮಾತು," ಎಂದಳು ಕ್ರೀಮಕ್ಕ. "ಅದನ್ನ ನಂಬೋಕೆ ನಿಮಗೆ ಸೊಪ್ಪು ತಿನ್ನಿಸಬೇಕಾಯ್ತು."

ಮ್ಯಾನೇಜರ್ ನೀರು ಕುಡಿದು, ಆರೋಪದ ಹಾಳೆಯನ್ನು ಎರಡು ತುಂಡು ಮಾಡಿದರು. ಆಮೇಲೆ ಕಣ್ಣು ಕಿರಿದಾದವು. "ಇದನ್ನೇ ಪುಡಿ ಮಾಡಿ ಬಿಸ್ಕತ್ತಿಗೆ ಹಾಕಿ, ಸಕ್ಕರೆ ಕಾಯಿಲೆಯೋರಿಗೆ ಅಂತ ಬಿಟ್ರೆ?"

"ಹಾಕಿ ಸಾರ್," ಎಂದ ಎಲೆಯಪ್ಪ. "ತಿಂದೋರು ಮಣ್ಣು ತಿಂದ್ವಿ ಅಂತಾರೆ. ಅದನ್ನ ನಂಬಿ ಮಾತ್ರೆ ಬಿಟ್ಟೋರು ಆಮೇಲೆ ಏನೂ ಅನ್ನಲ್ಲ, ಆಸ್ಪತ್ರೆ ಸೇರಿರ್ತಾರೆ."

ಕ್ರೀಮಕ್ಕನ ನಗು ಕೋಣೆಗೆ ಮೊದಲು ಗಾಳಿ ಬಿಟ್ಟಿತು. ಮ್ಯಾನೇಜರಿಗೆ ಅದು ಹಿಡಿಸಲಿಲ್ಲ. "ಎಲ್ಲ ಗೊತ್ತಿರೋ ನೀನು, ಈಕೆಗೆ ಕೊಡುವಾಗ ಬಾಯಿ ಹೊಲಿದುಕೊಂಡಿದ್ದೆಯಾ?"

ಅವನು ಅವಳನ್ನು ನೋಡಲಿಲ್ಲ. ಕ್ರೀಮಕ್ಕನ ಕಡೆ ತಿರುಗಿದ.

"ಬೇಕಂತಲೇ ಹೇಳಲಿಲ್ಲ ಅಕ್ಕ. ಹೇಳಿಬಿಟ್ರೆ ಇವರ ಪ್ರಶ್ನೆ ಮುಗಿದುಹೋಗ್ತಿತ್ತು. ಮುಗಿದ್ರೆ ನಾಳೆ ಬರೋಕೆ ಇವರಿಗೆ ಏನೂ ಉಳೀತಿರಲಿಲ್ಲ. ಇನ್ನೊಂದು ದಿನ ಬರಲಿ ಅನ್ನೋ ಆಸೆ. ಏನು ಕೆಲಸ ಮಾಡ್ತೀರ ಅಂತಲೂ ಕೇಳಲಿಲ್ಲ. ಅದರಿಂದ ನಿಮ್ಮ ಹೆಸರಿಗೆ ಕಳಂಕ ಬಂತು. ತಪ್ಪಾಯ್ತು."

ನಾಲಿಗೆ ಎನಿಸಿಕೊಂಡವಳ ಕಿವಿ ಕೆಂಪಾದವು. ಹೀಗೂ ಒಬ್ಬ ಗಂಡಸು, ಐದು ಕುರ್ಚಿಗಳ ಮುಂದೆ, ತನ್ನ ಆಸೆಯನ್ನು ತಪ್ಪೊಪ್ಪಿಗೆಯಾಗಿ ಹೇಳಬಲ್ಲನೇ?

"ನನ್ನ ಕ್ಷಮೆ ಆಯ್ತು," ಎಂದಳು ಕ್ರೀಮಕ್ಕ. "ಅವಳದನ್ನ ಅವಳ ಹತ್ರ ಕೇಳಿಕೋಪ್ಪ. ಹೋಗ್ರಿ ಇಬ್ಬರೂ, ನಂಗೆ ಯಂತ್ರ ಕಾಯ್ತಿದೆ."

ಒಂದು ತಿಂಗಳು ರುಚಿ ನೋಡುವಂತಿಲ್ಲ, ಪ್ಯಾಕಿಂಗಿಗೆ ಹೋಗು ಎಂದು ಅವಳಿಗೆ ಶಿಕ್ಷೆಯಾಯಿತು. ತಪ್ಪು ತನ್ನದೂ ಹೌದು ಎಂದು ಒಪ್ಪಿಕೊಂಡಳು. ಹೊರಗೆ ಹಜಾರದಲ್ಲಿ ಖಾಲಿ ಡಬ್ಬಗಳ ಸಾಲಿನ ಪಕ್ಕ ಅವನು ಕಾಯುತ್ತಿದ್ದ.

"ಸಿಟ್ಟು ಇಳಿದಿಲ್ಲ," ಎಂದಳು.

"ಇಳಿಯೋದು ಬೇಡ. ಹೇಳೋಕೆ ಬಿಡಿ ಅಷ್ಟೆ."

"ಆಗಲೇ ಹೇಳಿದ್ರಲ್ಲ. ಅಕ್ಕಂಗೆ, ಮ್ಯಾನೇಜರಿಗೆ. ನನ್ನೊಬ್ಬಳನ್ನ ಬಿಟ್ಟು ಎಲ್ಲರಿಗೂ ಹೇಳಿದ್ರಿ."

ಅವನು ತಡಬಡಿಸಿದ. ಕೊನೆಗೆ ಹೇಳಿದ, ಸಣ್ಣದಾಗಿ, ಅವಳ ಕಣ್ಣು ನೋಡಿಯೇ ಹೇಳಿದ. "ನೀವಂದ್ರೆ ನಂಗಿಷ್ಟ. ಕಾರಣ ಇಲ್ಲದೇನೂ ಬರ್ತೀರಾ?"

ಮೂರು ದಿನ ಬಳ್ಳಿಯ ಬಗ್ಗೆ ಕೇಳುವ ನೆಪದಲ್ಲಿ ತಾನು ನೋಡುತ್ತಿದ್ದದ್ದು ಯಾರನ್ನು ಎಂಬುದು ಅವಳಿಗೂ ಗೊತ್ತಿತ್ತು. ಅದನ್ನು ಇವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ.

"ಮೊದಲನೇ ದಿನವೇ ಡಾಕ್ಟರನ್ನ ಕೇಳಿ ಆಗಿತ್ತು," ಎಂದಳು. "ಮಾತ್ರೆ ಬಿಡಬಾರದು, ಎಲೆ ಬೇಡ ಅಂದಿದ್ರು. ಎರಡನೇ ದಿನದಿಂದ ನಾನು ಬಂದಿದ್ದು ಅಪ್ಪನ ಕೆಲಸಕ್ಕಲ್ಲ."

ಅವನ ಕೆನ್ನೆಯ ಗುಳಿ ಈ ಸಲ ನಗುವನ್ನು ತಡೆಯುವ ಗೋಜಿಗೆ ಹೋಗಲಿಲ್ಲ. ಒಳಗೆ ಕ್ರೀಮಕ್ಕನ ಯಂತ್ರ ಶುರುವಾದ ಸದ್ದು ನೆಲದಲ್ಲಿ ನಡುಗಿತು. ಅವಳು ಡಬ್ಬಗಳ ಸಾಲಿನಿಂದ ಒಂದನ್ನು ಅವನ ಕೈಗೂ ಇನ್ನೊಂದನ್ನು ತನ್ನ ಕಂಕುಳಿಗೂ ಕೊಟ್ಟು, ಪ್ಯಾಕಿಂಗ್ ಕೋಣೆಯ ಕಡೆ ನಡೆದಳು.

"ಬಾಗಿಲವರೆಗೆ ತಂದುಕೊಡು," ಎಂದಳು. ಬಹುವಚನ ಬಿಟ್ಟದ್ದನ್ನು ಇಬ್ಬರೂ ಗಮನಿಸಿದರು.